ಮೂತ್ರದಲ್ಲಿ ರಕ್ತ, ಸ್ಕ್ಯಾನ್‌ನಲ್ಲಿ ಕಲ್ಲಿಲ್ಲ: ಮುಂದೆ ಯಾವ ಪರೀಕ್ಷೆ?

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆ ಯಾರಿಗಾದರೂ ಪಕ್ಕೆ ನೋವು ಬಂದು ಮೂತ್ರ ಕೆಂಪಗೆ ಹೋದರೆ, ಡಾಕ್ಟರ್ ಹತ್ತಿರ ಹೋಗುವ ಮೊದಲೇ ತೀರ್ಪು ಬಂದಿರುತ್ತದೆ. "ಕಲ್ಲು ಕಣಣ್ಣ, ಬಾಳೆದಿಂಡಿನ ರಸ ಕುಡಿ, ಎಳನೀರು ಕುಡಿ, ಹೋಗುತ್ತೆ." ಬಿಸಿಲಲ್ಲಿ ಕಬ್ಬಿನ ಗದ್ದೆಯಲ್ಲಿ ದುಡಿದು ನೀರು ಕಡಿಮೆ ಕುಡಿಯುವವರಿಗೆ ಕಲ್ಲು ಆಗುವುದು ಸಾಮಾನ್ಯ. ಹಾಗಾಗಿ ಈ ತೀರ್ಪು ಎಷ್ಟೋ ಸಲ ಸರಿಯೇ. ತೊಂದರೆ ಉಳಿದ ಕೆಲವರದ್ದು. ಅವರಿಗೆ ಸ್ಕ್ಯಾನ್‌ನಲ್ಲಿ ಕಲ್ಲು ಕಾಣುವುದಿಲ್ಲ. ಅಥವಾ ಕಲ್ಲು ಹೋದ ಮೇಲೂ ರಕ್ತ ನಿಲ್ಲುವುದಿಲ್ಲ. ಅಥವಾ ನೋವೇ ಇಲ್ಲದೆ ಒಂದು ದಿನ ಮೂತ್ರ ಕೆಂಪಾಗಿ, ಮಾರನೆಯ ದಿನ ತಿಳಿಯಾಗಿ, ಎಲ್ಲರೂ ಮರೆತುಬಿಡುತ್ತಾರೆ.

ಈ ಬರಹ ಅವರಿಗೆ, ಮತ್ತು ಅವರ ಫೈಲು ಹಿಡಿದು ಆಸ್ಪತ್ರೆಗೆ ಓಡಾಡುವ ಮನೆಯವರಿಗೆ. ಕಿಡ್ನಿಯೊಳಗೆ ಮೂತ್ರ ಸೇರುವ ಒಂದು ಜಾಗವಿದೆ. ಅಲ್ಲಿಂದ ಮೂತ್ರಚೀಲಕ್ಕೆ ಒಂದು ತೆಳುವಾದ ನಾಳ ಇಳಿಯುತ್ತದೆ. ಡಾಕ್ಟರುಗಳು ಅದನ್ನು ಯುರೇಟರ್ ಅನ್ನುತ್ತಾರೆ. ಈ ಎರಡರ ಒಳಪೊರೆಯಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಹುಟ್ಟುತ್ತದೆ. ಅದನ್ನು ಹುಡುಕಲು ಹಲವು ಪರೀಕ್ಷೆಗಳಿವೆ, ಒಂದೊಂದೂ ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕಲ್ಲು ಹುಡುಕಲು ಮಾಡಿದ ಸ್ಕ್ಯಾನ್ ನಾರ್ಮಲ್ ಬಂದರೆ, ಕಲ್ಲಿಲ್ಲ ಎಂದಷ್ಟೇ ತಿಳಿಯಿತು.

ಯಾರು ಜಾಸ್ತಿ ಹುಷಾರಾಗಿರಬೇಕು

ಮೂತ್ರದ ದಾರಿಯ ಒಳಪೊರೆಯಲ್ಲಿ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 90ರಿಂದ 95 ಮೂತ್ರಚೀಲದಲ್ಲೇ ಆಗುತ್ತವೆ. ಮೇಲಿನ ಭಾಗದ, ಅಂದರೆ ಕಿಡ್ನಿಯೊಳಗಿನ ಮತ್ತು ಯುರೇಟರಿನ ಪಾಲು 5ರಿಂದ 10 ಮಾತ್ರ. ಅದರಲ್ಲೂ ಕಿಡ್ನಿಯೊಳಗಿನದು ಯುರೇಟರಿನದಕ್ಕಿಂತ ಸುಮಾರು ಎರಡು ಪಟ್ಟು. ಅಪರೂಪ ಹೌದು, ಆದರೆ ಸುಮ್ನೆ ಬಿಡುವಂಥದ್ದಲ್ಲ. ಯುರೇಟರಿನ ಗೋಡೆ ಬಹಳ ತೆಳು. ಪತ್ತೆಯಾಗುವ ಹೊತ್ತಿಗೆ ಮೇಲಿನ ಭಾಗದ ಗಡ್ಡೆಗಳಲ್ಲಿ ನೂರಕ್ಕೆ ಸುಮಾರು 60 ಗೋಡೆಯೊಳಗೆ ಇಳಿದಿರುತ್ತವೆ. ಮೂತ್ರಚೀಲದ ಗಡ್ಡೆಗಳಲ್ಲಿ ಈ ಲೆಕ್ಕ 15ರಿಂದ 25.

ಬೀಡಿ, ಸಿಗರೇಟು ಸೇದುವವರಿಗೆ ಅಪಾಯ ಎರಡೂವರೆಯಿಂದ ಏಳು ಪಟ್ಟು ಜಾಸ್ತಿ. ಬಣ್ಣ, ರಬ್ಬರ್ ಕಾರ್ಖಾನೆಗಳಲ್ಲಿ ಕೆಲವು ರಾಸಾಯನಿಕಗಳ ನಡುವೆ ವರ್ಷಗಟ್ಟಲೆ ದುಡಿದವರೂ ಈ ಪಟ್ಟಿಯಲ್ಲಿದ್ದಾರೆ. ಕಿಡ್ನಿಯಲ್ಲಿ ದೊಡ್ಡ ಕಲ್ಲನ್ನು ಬಹಳ ವರ್ಷ ಹಾಗೇ ಬಿಟ್ಟವರಿಗೆ ಇನ್ನೊಂದು ಬಗೆಯ, ಇನ್ನೂ ಅಪರೂಪದ ಕ್ಯಾನ್ಸರ್ ಬರಬಹುದು. ಹಾಗಾಗಿ 'ಕಲ್ಲು ಸಿಕ್ಕಿತಲ್ಲ, ಇನ್ನೇನು' ಎನ್ನುವುದೂ ಪೂರ್ತಿ ಸರಿಯಲ್ಲ.

ನಮ್ಮ ಕಡೆಯವರು ಗಮನಿಸಬೇಕಾದ ಒಂದು ಬೇರು ಇದೆ. ಹಾವು ಕಚ್ಚಿದರೆ, ಜ್ವರ ಬಂದರೆ ಎಂದು ಕೆಲವರು ಬಳಸುವ ಈಶ್ವರಿ ಬೇರು. ಆ ಬಳ್ಳಿಯ ಜಾತಿಯ ಗಿಡಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇರುತ್ತದೆ. ಅದು ಕಿಡ್ನಿಯನ್ನು ಕೆಡಿಸುತ್ತದೆ, ಈ ಕ್ಯಾನ್ಸರನ್ನೂ ತರುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಪುಡಿಯಲ್ಲಿ ಇದೇ ಜಾತಿಯ ಗಿಡ ಸೇರಿಕೊಂಡಿತ್ತು. ಅದನ್ನು ತಿಂದ ಹೆಂಗಸರ ಕಿಡ್ನಿಗಳು ಸೋತವು. ಆಮೇಲೆ ಅವರಲ್ಲಿ ಹಲವರ ಮೂತ್ರದ ದಾರಿಯಲ್ಲಿ ಕ್ಯಾನ್ಸರ್ ಸಿಕ್ಕಿತು. ನಾಟಿ ಔಷಧಿ ತಗೊಂಡಿದ್ದರೆ ಡಾಕ್ಟರ್ ಮುಂದೆ ಸಂಕೋಚ ಬಿಟ್ಟು ಹೇಳಿ. ಅವರು ಬೈಯಬಹುದು, ಬೈಯಲಿ ಬಿಡಿ. ಆ ಮಾಹಿತಿ ಅವರಿಗೆ ಬೇಕೇ ಬೇಕು.

ಮನೆಯಲ್ಲಿ ಚಿಕ್ಕ ವಯಸ್ಸಿಗೇ ದೊಡ್ಡ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಆದವರಿದ್ದರೆ ಅದನ್ನೂ ಹೇಳಬೇಕು. ಲಿಂಚ್ ಸಿಂಡ್ರೋಮ್ ಎಂಬ ವಂಶಪಾರಂಪರ್ಯದ ತೊಂದರೆಯಲ್ಲಿ ಆ ಎರಡರ ಜೊತೆ ಈ ಕ್ಯಾನ್ಸರೂ ಒಂದೇ ಮನೆತನದಲ್ಲಿ ಕಾಣಿಸಬಹುದು.

ಇನ್ನೊಂದು ಮಾತು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು 'ಮಾತ್ರೆಯಿಂದ ರಕ್ತ ಬಂತು' ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಮಾತ್ರೆ ಇದ್ದರೂ ಪರೀಕ್ಷೆ ತಪ್ಪುವುದಿಲ್ಲ. ಒಳಗೆ ಅಡಗಿದ್ದ ಗಾಯವನ್ನು ಮಾತ್ರೆ ಬೇಗ ತೋರಿಸಿಕೊಟ್ಟಿರಲೂಬಹುದು. ಹಾಗಂತ ಹೃದಯದ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಅಲ್ಟ್ರಾಸೌಂಡ್: ಶುರು ಮಾಡಲು ಸಾಕು, ಮುಗಿಸಲು ಸಾಲದು

ತಾಲ್ಲೂಕು ಮಟ್ಟದಲ್ಲೂ ಸಿಗುತ್ತದೆ, ಖರ್ಚು ಕಡಿಮೆ, ವಿಕಿರಣ ಇಲ್ಲ. ಕಿಡ್ನಿ ಊದಿಕೊಂಡಿದ್ದರೆ ತೋರಿಸುತ್ತದೆ, ದೊಡ್ಡ ಕಲ್ಲು ತೋರಿಸುತ್ತದೆ, ಮೂತ್ರಚೀಲದ ದಪ್ಪ ಗಡ್ಡೆಯನ್ನೂ ತೋರಿಸಬಹುದು. ಆದರೆ ಯುರೇಟರಿನ ನಡುಭಾಗ ಕರುಳಿನ ಗಾಳಿಯ ಹಿಂದೆ ಮರೆಯಾಗಿರುತ್ತದೆ. ಅಲ್ಲಿರುವ ಸಣ್ಣ ಗಡ್ಡೆ ಇದರಲ್ಲಿ ಕಾಣುವುದು ಕಷ್ಟ.

ರಿಪೋರ್ಟಿನಲ್ಲಿ 'ಹೈಡ್ರೋನೆಫ್ರೋಸಿಸ್' ಎಂದು ಬರೆದು, ಕಲ್ಲಿನ ಮಾತೇ ಇಲ್ಲದಿದ್ದರೆ ಅಲ್ಲಿಗೆ ಬಿಡಬೇಡಿ. ಕಿಡ್ನಿ ಊದಿದೆ ಎಂದರೆ ಕೆಳಗೆ ಎಲ್ಲೋ ಅಡ್ಡಿ ಇರಬಹುದು. ಅದು ಏನೆಂದು ಯಾರಾದರೂ ಹೇಳಬೇಕಲ್ವಾ?

ಎರಡು ಸಿಟಿ ಸ್ಕ್ಯಾನ್, ಎರಡು ಬೇರೆ ಕೆಲಸ

ಹೆಚ್ಚಿನವರು ಎಡವುವುದು ಇಲ್ಲೇ. 'ಸಿಟಿ ಆಗಿದೆ, ನಾರ್ಮಲ್ ಇದೆ' ಎಂದು ಫೈಲು ಮುಚ್ಚುತ್ತಾರೆ. ಯಾವ ಸಿಟಿ ಎಂದು ಯಾರೂ ನೋಡುವುದಿಲ್ಲ.

ಪಕ್ಕೆ ನೋವಿಗೆ ಸಾಮಾನ್ಯವಾಗಿ ಮಾಡುವುದು ಪ್ಲೇನ್ ಸಿಟಿ ಕೆಯುಬಿ, ಅಂದರೆ ಕಿಡ್ನಿ, ಯುರೇಟರ್, ಮೂತ್ರಚೀಲದ ಸಾದಾ ಸಿಟಿ. ಇದರಲ್ಲಿ ಇಂಜೆಕ್ಷನ್ ಇಲ್ಲ. ಕೆಲವೇ ನಿಮಿಷದ ಕೆಲಸ. ಕಲ್ಲು ಬೆಳ್ಳಗೆ ಹೊಳೆಯುತ್ತದೆ, ಎಕ್ಸ್‌ರೇಯಲ್ಲಿ ಕಾಣದ ಯೂರಿಕ್ ಆಮ್ಲದ ಕಲ್ಲೂ ಕಾಣುತ್ತದೆ. ಕಲ್ಲಿನ ವಿಷಯಕ್ಕೆ ಇದನ್ನು ಮೀರಿಸುವ ಪರೀಕ್ಷೆ ಇಲ್ಲ. ಆದರೆ ಒಳಪೊರೆಯ ಗಡ್ಡೆ ಸುತ್ತಲಿನ ಮಾಂಸದ ಹಾಗೆಯೇ ಬೂದು ಬಣ್ಣಕ್ಕೆ ಕಾಣುತ್ತದೆ. ಸಣ್ಣದಾಗಿದ್ದರೆ ನುರಿತ ಕಣ್ಣಿಗೂ ತಪ್ಪಬಹುದು.

ಇನ್ನೊಂದು ಸಿಟಿ ಯುರೋಗ್ರಾಮ್. ಇದರಲ್ಲಿ ಮೊದಲು ಇಂಜೆಕ್ಷನ್ ಇಲ್ಲದೆ ಒಂದು ಸಲ ಚಿತ್ರ ತೆಗೆಯುತ್ತಾರೆ. ಆಮೇಲೆ ಕೈಯ ನರಕ್ಕೆ ಕಾಂಟ್ರಾಸ್ಟ್, ಅಂದರೆ ಚಿತ್ರದಲ್ಲಿ ಬೆಳ್ಳಗೆ ಕಾಣುವ ಔಷಧಿ, ಕೊಡುತ್ತಾರೆ. ಒಂದೂವರೆ ನಿಮಿಷದ ಹೊತ್ತಿಗೆ ಕಿಡ್ನಿಯ ಮಾಂಸಭಾಗ ಚೆನ್ನಾಗಿ ಕಾಣುತ್ತದೆ. ಸುಮಾರು ಹತ್ತು ನಿಮಿಷ ಕಳೆದ ಮೇಲೆ ಕಾಂಟ್ರಾಸ್ಟ್ ಮೂತ್ರದ ಜೊತೆ ಇಳಿದು ಯುರೇಟರ್ ತುಂಬುತ್ತದೆ. ಆಗ ತೆಗೆಯುವ ಚಿತ್ರವೇ ನಮಗೆ ಬೇಕಾದದ್ದು. ವಿ.ಸಿ. ನಾಲೆಗೆ ನೀರು ಬಿಟ್ಟಾಗ ಹೂಳಿನ ದಿಬ್ಬ ಇರುವ ಕಡೆ ನೀರು ಬಳಸಿಕೊಂಡು ಹೋಗುತ್ತದಲ್ಲ, ಇದೂ ಹಾಗೇ. ಗಡ್ಡೆ ಇರುವ ಕಡೆ ಕಾಂಟ್ರಾಸ್ಟ್ ಬಳಸಿ ಇಳಿಯುತ್ತದೆ, ಆ ಜಾಗ ಖಾಲಿ ಕಾಣುತ್ತದೆ. ರಿಪೋರ್ಟಿನಲ್ಲಿ ಅದನ್ನು 'ಫಿಲ್ಲಿಂಗ್ ಡಿಫೆಕ್ಟ್' ಎನ್ನುತ್ತಾರೆ.

ಆ ಖಾಲಿ ಜಾಗ ಕಲ್ಲಿನದ್ದೂ ಆಗಬಹುದು, ಹೆಪ್ಪುಗಟ್ಟಿದ ರಕ್ತದ್ದೂ ಆಗಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಕಿಡ್ನಿಯಿಂದ ಕಳಚಿ ಬಿದ್ದ ಚೂರು ಅಥವಾ ಶಿಲೀಂಧ್ರದ ಉಂಡೆಯೂ ಆಗಬಹುದು. ಇಂಜೆಕ್ಷನ್ ಇಲ್ಲದೆ ತೆಗೆದ ಮೊದಲ ಚಿತ್ರಕ್ಕೆ ಬೆಲೆ ಬರುವುದು ಇಲ್ಲೇ. ಅದರಲ್ಲಿ ಬೆಳ್ಳಗೆ ಹೊಳೆದರೆ ಕಲ್ಲು. ಹೊಳೆಯದೆ, ಕಾಂಟ್ರಾಸ್ಟ್ ಕೊಟ್ಟ ಮೇಲೆ ಆ ಭಾಗ ರಕ್ತ ಹೀರಿ ತುಸು ಬೆಳ್ಳಗಾದರೆ ಗಡ್ಡೆಯ ಅನುಮಾನ ಗಟ್ಟಿಯಾಗುತ್ತದೆ. ನಮ್ಮ ದೇಶದಲ್ಲಿ ಕಿಡ್ನಿಯ ಟಿಬಿಯೂ ಇದೇ ವೇಷ ಹಾಕುತ್ತದೆ. ಯುರೇಟರಿನ ಗೋಡೆ ದಪ್ಪಗಾಗಿ, ಅಲ್ಲಲ್ಲಿ ಕಿರಿದಾಗಿರುತ್ತದೆ. ಹಾಗಾಗಿ ಮೂತ್ರದಲ್ಲಿ ಟಿಬಿ ಪರೀಕ್ಷೆಗೂ ಬರೆದರೆ ಗಾಬರಿಯಾಗಬೇಡಿ, ಅದು ಒಳ್ಳೆಯ ಡಾಕ್ಟರಿನ ಲಕ್ಷಣ.

ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಗಡ್ಡೆ ಇರುವ ನೂರರಲ್ಲಿ ಸುಮಾರು 92 ಜನರಿಗೆ ಸಿಟಿ ಯುರೋಗ್ರಾಮ್ ಸರಿಯಾಗಿ 'ಇದೆ' ಅಂದಿದೆ. ಇಲ್ಲದ ನೂರರಲ್ಲಿ 95 ಜನರಿಗೆ 'ಇಲ್ಲ' ಅಂದಿದೆ. ಒಂದು ಕೊರತೆಯೂ ಇದೆ. ಗೋಡೆಗೆ ಅಂಟಿಕೊಂಡು ಚಪ್ಪಟೆಯಾಗಿ ಹರಡುವ ಬಗೆಯ ಕ್ಯಾನ್ಸರ್ ಇದಕ್ಕೆ ಕಾಣದೆ ಹೋಗಬಹುದು.

ನನ್ನನ್ನು ಕೇಳಿದರೆ, ಐವತ್ತು ದಾಟಿದವರಿಗೆ ಕಣ್ಣಿಗೆ ಕಾಣುವಷ್ಟು ರಕ್ತ ಹೋಗಿ, ಕಾರಣ ಸಿಗದಿದ್ದರೆ, ಮತ್ತೆ ಮತ್ತೆ ಅಲ್ಟ್ರಾಸೌಂಡ್ ಮಾಡಿಸಿ ದುಡ್ಡು ಕಳೆಯುವ ಬದಲು ನೇರ ಯುರೋಗ್ರಾಮಿಗೆ ಹೋಗುವುದೇ ಲೇಸು. ಚೀಟಿಯಲ್ಲಿ 'ಸಿಟಿ ಹೊಟ್ಟೆ' ಎಂದಷ್ಟೇ ಇದ್ದರೆ, ಹತ್ತು ನಿಮಿಷದ ಮೇಲಿನ ಆ ತಡವಾದ ಹಂತದ ಚಿತ್ರವೂ ತೆಗೆಯುತ್ತಾರಾ ಎಂದು ಸ್ಕ್ಯಾನ್ ಸೆಂಟರಿನಲ್ಲಿ ಕೇಳಿ. ಇಲ್ಲ ಎಂದರೆ ಡಾಕ್ಟರಿಗೆ ಫೋನ್ ಮಾಡಿ ಚೀಟಿ ಬದಲಿಸಿಕೊಳ್ಳಿ. ಒಂದು ಸಲ ಟೇಬಲ್ಲಿನಿಂದ ಇಳಿದ ಮೇಲೆ ಮತ್ತೆ ಇಂಜೆಕ್ಷನ್, ಮತ್ತೆ ವಿಕಿರಣ, ಮತ್ತೆ ಬಿಲ್ಲು.

ಕ್ರಿಯಾಟಿನಿನ್ ಜಾಸ್ತಿ ಇದ್ದರೆ

ಕ್ರಿಯಾಟಿನಿನ್ ಅನ್ನುವುದು ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಸುವ ರಕ್ತಪರೀಕ್ಷೆ. ಸಕ್ಕರೆ ಕಾಯಿಲೆ, ಬಿಪಿ ಇರುವ ಹಿರಿಯರಲ್ಲಿ ಅದು ಏರಿರುವುದು ಅಪರೂಪವಲ್ಲ. ಕಾಂಟ್ರಾಸ್ಟಿಗೆ ಅಲರ್ಜಿ ಇರುವವರೂ ಇದ್ದಾರೆ. ಸ್ವಲ್ಪ ಏರಿದ್ದರೆ ಡಾಕ್ಟರು ಲೆಕ್ಕ ಹಾಕಿ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ನಿಲ್ಲಿಸಬೇಕೇ ಎಂದು ನೋಡಿ ಸಿಟಿಯನ್ನೇ ಮಾಡಿಸಬಹುದು. ಬಹಳ ಏರಿದ್ದರೆ ದಾರಿ ಬದಲಾಗುತ್ತದೆ.

ಎಂಆರ್ ಯುರೋಗ್ರಾಮ್‌ನಲ್ಲಿ ವಿಕಿರಣ ಇಲ್ಲ. ಕಾಂಟ್ರಾಸ್ಟ್ ಇಲ್ಲದೆಯೂ ನಿಂತ ಮೂತ್ರವನ್ನೇ ಬೆಳ್ಳಗೆ ತೋರಿಸುವ ಚಿತ್ರ ತೆಗೆಯಬಹುದು. ಅಡ್ಡಿ ಯಾವ ಮಟ್ಟದಲ್ಲಿದೆ ಎಂದು ಇದು ಚೆನ್ನಾಗಿ ಹೇಳುತ್ತದೆ. ಎರಡು ಸೆಂಟಿಮೀಟರಿಗಿಂತ ಸಣ್ಣ ಗಡ್ಡೆಗೆ ಬಂದರೆ ಸಿಟಿಯಷ್ಟು ನಂಬಿಕೆ ಇಡಲಾಗದು, ನೂರಕ್ಕೆ ಸುಮಾರು 75 ಮಾತ್ರ ಹಿಡಿಯುತ್ತದೆ. ಸಣ್ಣ ಕಲ್ಲೂ ಇದರಲ್ಲಿ ತಪ್ಪಿಹೋಗುತ್ತದೆ. ಹಾಗಾಗಿ ಸಿಟಿ ಮಾಡಿಸಲು ಆಗುವವರು ಎಂಆರ್‌ಐ ದುಬಾರಿ ಎಂಬ ಕಾರಣಕ್ಕೆ ಅದೇ ಮೇಲು ಅಂದುಕೊಳ್ಳುವುದು ಬೇಡ.

ಹಳೆಯ ಇನ್ನೊಂದು ವಿಧಾನವಿದೆ. ಮೂತ್ರಚೀಲದ ಒಳಗಿನಿಂದ ಸಣ್ಣ ನಳಿಕೆ ತೂರಿಸಿ, ಕಾಂಟ್ರಾಸ್ಟನ್ನು ಕೆಳಗಿನಿಂದ ಮೇಲಕ್ಕೆ ಬಿಟ್ಟು ಎಕ್ಸ್‌ರೇ ತೆಗೆಯುವುದು. ಔಷಧಿ ರಕ್ತಕ್ಕೆ ಹೋಗುವುದು ತೀರಾ ಕಡಿಮೆ, ಹಾಗಾಗಿ ಸೋತ ಕಿಡ್ನಿಯವರಿಗೂ ಆಗುತ್ತದೆ. ಆಪರೇಷನ್ ಥಿಯೇಟರ್ ಬೇಕು ಎಂಬುದೇ ತೊಡಕು. ನರಕ್ಕೆ ಇಂಜೆಕ್ಷನ್ ಕೊಟ್ಟು ಎಕ್ಸ್‌ರೇ ತೆಗೆಯುತ್ತಿದ್ದ ಐವಿಪಿ ಈಗ ಬಹುಮಟ್ಟಿಗೆ ಮೂಲೆ ಸೇರಿದೆ. ಯಾರಾದರೂ ಬರೆದುಕೊಟ್ಟರೆ ಸಿಟಿ ಯಾಕೆ ಬೇಡ ಎಂದು ಕೇಳಿ.

ಮೂತ್ರದ ಸೈಟಾಲಜಿ

ಒಳಪೊರೆಯಿಂದ ಉದುರಿ ಮೂತ್ರದಲ್ಲಿ ಬಂದ ಜೀವಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಸೂಜಿ ಇಲ್ಲ, ನೋವಿಲ್ಲ. ಜೋರಾದ, ಬೇಗ ಹರಡುವ ಬಗೆಯ ಕ್ಯಾನ್ಸರ್ ಆದರೆ ಕಣಗಳು ಎದ್ದು ಕಾಣುತ್ತವೆ. ಸಾಧು ಬಗೆಯದ್ದಾದರೆ ಮಾಮೂಲಿ ಕಣಗಳ ಹಾಗೇ ಇರುತ್ತವೆ, ಪರೀಕ್ಷೆ ನೆಗೆಟಿವ್ ಬರುತ್ತದೆ. ಮೂತ್ರಚೀಲದ ಕ್ಯಾನ್ಸರಿಗೆ ಹೋಲಿಸಿದರೆ ಮೇಲಿನ ಭಾಗದ್ದನ್ನು ಹಿಡಿಯುವ ಶಕ್ತಿ ಇದಕ್ಕೆ ಕಡಿಮೆ. ಅಂದರೆ ಪಾಸಿಟಿವ್ ಬಂದರೆ ಗಂಭೀರವಾಗಿ ತಗೊಳ್ಳಬೇಕು, ನೆಗೆಟಿವ್ ಬಂದರೆ ನಿಶ್ಚಿಂತೆ ಬೇಡ. ಕಲ್ಲು, ಸೋಂಕು ಇದ್ದಾಗ ಕಣಗಳು ವಿಕಾರವಾಗಿ ಕಂಡು ದಾರಿ ತಪ್ಪಿಸುವುದೂ ಉಂಟು.

ಬೆಳಿಗ್ಗೆ ಎದ್ದ ತಕ್ಷಣದ ಮೂತ್ರ ಇದಕ್ಕೆ ಬೇಡ. ರಾತ್ರಿಯೆಲ್ಲ ಚೀಲದಲ್ಲಿ ನಿಂತು ಕಣಗಳು ಕೆಟ್ಟಿರುತ್ತವೆ. ಆಮೇಲಿನ ತಾಜಾ ಮೂತ್ರ ಕೊಡಿ. ಹಳ್ಳಿಯ ಮನೆಯಿಂದ ಬಾಟಲಿಯಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಎರಡು ಗಂಟೆ ತಂದರೆ ಪ್ರಯೋಜನ ಕಡಿಮೆ, ಲ್ಯಾಬಿನಲ್ಲೇ ಕೊಡುವುದು ಒಳ್ಳೆಯದು.

ಮೂತ್ರಚೀಲದೊಳಗೆ ಕ್ಯಾಮೆರಾ

ಸಿಸ್ಟೊಸ್ಕೋಪಿ ಇದಕ್ಕೆಲ್ಲ ಪರ್ಯಾಯ ಅಲ್ಲ, ಜೊತೆಗೆ ಆಗಬೇಕಾದದ್ದು. ಮೇಲಿನ ಭಾಗದಲ್ಲಿ ಕ್ಯಾನ್ಸರ್ ಇರುವ ನೂರರಲ್ಲಿ ಸುಮಾರು 17 ಜನರಿಗೆ ಮೂತ್ರಚೀಲದಲ್ಲೂ ಇರುತ್ತದೆ. ಅದೂ ಅಲ್ಲದೆ, ರಕ್ತ ಹೋಗುತ್ತಿರುವಾಗಲೇ ನೋಡಿದರೆ ಎಡ ಯುರೇಟರಿನಿಂದ ಬರುತ್ತಿದೆಯೇ, ಬಲದಿಂದಲೇ ಎಂದು ಕಣ್ಣಾರೆ ಕಾಣುತ್ತದೆ. ಜೆಲ್ ಹಾಕಿ ಹೊರರೋಗಿ ವಿಭಾಗದಲ್ಲೇ ಮಾಡಬಹುದು. ಗಂಡಸರು ಇದಕ್ಕೆ ಜಾಸ್ತಿ ಹೆದರುತ್ತಾರೆ. ಬಾಗುವ ಕ್ಯಾಮೆರಾ ಇದೆಯೇ ಎಂದು ಕೇಳಿ, ಅದರಲ್ಲಿ ನೋವು ಕಡಿಮೆ.

ಯುರೇಟರೋಸ್ಕೋಪಿ: ಯಾರಿಗೆ ಬೇಕು, ಯಾರಿಗೆ ಬೇಡ

ಅರಿವಳಿಕೆ ಕೊಟ್ಟು, ತೆಳುವಾದ ಕ್ಯಾಮೆರಾವನ್ನು ಯುರೇಟರಿನೊಳಗೆ, ಬೇಕಿದ್ದರೆ ಕಿಡ್ನಿಯೊಳಗಿನವರೆಗೆ ಕಳಿಸುವುದು. ಗಡ್ಡೆಯನ್ನು ನೇರವಾಗಿ ನೋಡಬಹುದು, ಚೂರು ತೆಗೆದು ಬಯಾಪ್ಸಿಗೆ ಕಳಿಸಬಹುದು, ಆ ಕಡೆಯ ಮೂತ್ರವನ್ನು ಅಲ್ಲೇ ಹಿಡಿದು ಸೈಟಾಲಜಿಗೆ ಕೊಡಬಹುದು. ಆ ಮೂತ್ರವನ್ನು ಕಾಂಟ್ರಾಸ್ಟ್ ಬಿಡುವ ಮೊದಲೇ ತೆಗೆಯಬೇಕು, ಕಾಂಟ್ರಾಸ್ಟ್ ಕಣಗಳನ್ನು ಕೆಡಿಸುತ್ತದೆ.

ಇಷ್ಟೆಲ್ಲ ಆಗುವಾಗ ಎಲ್ಲರಿಗೂ ಯಾಕೆ ಮಾಡಬಾರದು? ಎರಡು ಕಾರಣ. ಮೊದಲನೆಯದು, ಬಯಾಪ್ಸಿ ಚೂರು ಬಹಳ ಸಣ್ಣದು. ಕ್ಯಾನ್ಸರ್ ಸಾಧುವೋ ಜೋರೋ ಎಂದು ಒಂದು ಮಟ್ಟಿಗೆ ಹೇಳುತ್ತದೆ, ಆದರೆ ಗೋಡೆಯೊಳಗೆ ಎಷ್ಟು ಆಳ ಇಳಿದಿದೆ ಎಂದು ಅದರಿಂದ ಗೊತ್ತಾಗುವುದಿಲ್ಲ. ಸಾಧು ಎಂದು ಬಂದದ್ದು ಆಪರೇಷನ್ ಆದ ಮೇಲೆ ಜೋರಿನದ್ದಾಗಿ ಬರುವುದೂ ಉಂಟು. ಎರಡನೆಯದು, ಆಪರೇಷನ್ನಿಗೆ ಮೊದಲು ಯುರೇಟರೋಸ್ಕೋಪಿ ಮಾಡಿಸಿಕೊಂಡವರಲ್ಲಿ ಮುಂದೆ ಮೂತ್ರಚೀಲದಲ್ಲಿ ಗಡ್ಡೆ ಕಾಣಿಸಿಕೊಳ್ಳುವುದು ಜಾಸ್ತಿ ಎಂದು ಅಧ್ಯಯನಗಳು ತೋರಿಸಿವೆ. ಕೆಳಗೆ ಹರಿದ ಕಣಗಳು ಅಲ್ಲಿ ಬೇರು ಬಿಡುತ್ತವೆ ಎಂಬ ಅನುಮಾನ.

ಹಾಗಾಗಿ ಪ್ರಶ್ನೆ ಇಷ್ಟೇ: ಬಯಾಪ್ಸಿಯ ಉತ್ತರದಿಂದ ಚಿಕಿತ್ಸೆ ಬದಲಾಗುತ್ತದೆಯೇ? ಸ್ಕ್ಯಾನ್‌ನಲ್ಲಿ ದೊಡ್ಡ ಗಡ್ಡೆ ಗೋಡೆ ದಾಟಿದ ಹಾಗೆ ಸ್ಪಷ್ಟವಾಗಿ ಕಾಣುತ್ತಿದೆ, ಸೈಟಾಲಜಿಯೂ ಜೋರಿನದ್ದು ಎನ್ನುತ್ತಿದೆ ಎಂದರೆ ಕ್ಯಾಮೆರಾ ಹಾಕಿಯೂ ಹೊಸದೇನೂ ಸಿಗದಿರಬಹುದು. ಒಂದೇ ಗಡ್ಡೆ, ಎರಡು ಸೆಂಟಿಮೀಟರಿಗಿಂತ ಸಣ್ಣದು, ಸೈಟಾಲಜಿ ಶುದ್ಧ ಎಂದರೆ ಲೆಕ್ಕ ಬೇರೆ. ಬಯಾಪ್ಸಿಯಲ್ಲಿ ಸಾಧು ಎಂದು ಬಂದರೆ ಕಿಡ್ನಿ ಉಳಿಸಿಕೊಂಡು ಲೇಸರಿನಲ್ಲಿ ಸುಡುವ ದಾರಿ ತೆರೆಯುತ್ತದೆ. ಒಂದೇ ಕಿಡ್ನಿ ಇರುವವರಿಗೆ, ಇನ್ನೊಂದು ಕಿಡ್ನಿ ಸೋತವರಿಗೆ ಈ ಪರೀಕ್ಷೆ ಇನ್ನೂ ಮುಖ್ಯ. ಲೇಸರ್ ದಾರಿ ಹಿಡಿದವರು ಆರರಿಂದ ಎಂಟು ವಾರದೊಳಗೆ ಮತ್ತೆ ಕ್ಯಾಮೆರಾ ಹಾಕಿಸಿಕೊಳ್ಳಬೇಕು, ಆಮೇಲೂ ವರ್ಷಗಟ್ಟಲೆ ಓಡಾಟ ಇದ್ದೇ ಇದೆ. ಅಷ್ಟು ಬಿಗಿಯಾಗಿ ಬರಲು ಆಗದವರು ಅದನ್ನು ಮೊದಲೇ ಡಾಕ್ಟರಿಗೆ ಹೇಳುವುದು ಒಳ್ಳೆಯದು.

ಬೆನ್ನ ಕಡೆಯಿಂದ ಸೂಜಿ ಚುಚ್ಚಿ ತೆಗೆಯುವ ಬಯಾಪ್ಸಿಯನ್ನು ಇಲ್ಲಿ ಆದಷ್ಟು ದೂರ ಇಡುತ್ತಾರೆ. ಸೂಜಿಯ ದಾರಿಯಲ್ಲಿ ಕಣಗಳು ಚೆಲ್ಲಬಹುದು ಎಂಬ ಭಯ.

ಕಿಡ್ನಿಯ ಮಾಂಸದ ಕ್ಯಾನ್ಸರೋ, ಒಳಪೊರೆಯದ್ದೋ ಎಂದು ಮೊದಲೇ ತಿಳಿಯುವುದು ಯಾಕೆ ಬೇಕು ಗೊತ್ತಾ? ಮಾಂಸದ್ದಾದರೆ ಕಿಡ್ನಿಯನ್ನು, ಕೆಲವೊಮ್ಮೆ ಅದರ ಒಂದು ಭಾಗವನ್ನಷ್ಟೇ ತೆಗೆಯುತ್ತಾರೆ. ಒಳಪೊರೆಯದ್ದು, ಅದೂ ಜೋರಿನದ್ದಾದರೆ ಕಿಡ್ನಿ, ಇಡೀ ಯುರೇಟರ್, ಅದು ಮೂತ್ರಚೀಲ ಸೇರುವ ಅಂಚು, ಮೂರೂ ಹೋಗಬೇಕು. ತಪ್ಪು ಹೆಸರಿನ ಮೇಲೆ ಆಪರೇಷನ್ ಆದರೆ ಯುರೇಟರಿನ ತುಂಡು ಒಳಗೇ ಉಳಿಯುತ್ತದೆ.

ಎಲ್ಲಿಗೆ ಹೋಗುವುದು

ರಕ್ತ, ಮೂತ್ರ, ಅಲ್ಟ್ರಾಸೌಂಡ್ ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲೇ ಆಗುತ್ತದೆ. ನಾಗಮಂಗಲ ಕಡೆಯವರಿಗೆ ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆ ಹತ್ತಿರ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ ಇವೆ. ಬೆಂಗಳೂರಿನವರೆಗೆ ಹೋಗುವುದಾದರೆ ವಿಕ್ಟೋರಿಯಾ ಆವರಣದ ನೆಫ್ರೋ ಯುರಾಲಜಿ ಸಂಸ್ಥೆ ಮತ್ತು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಆಸ್ಪತ್ರೆಯ ಹೆಸರಿಗಿಂತ ಮೂರು ಪ್ರಶ್ನೆ ಮುಖ್ಯ. ಯುರಾಲಜಿ, ಅಂದರೆ ಮೂತ್ರದ ದಾರಿಯ ಡಾಕ್ಟರ್ ಇದ್ದಾರೆಯೇ? ಬಾಗುವ ಯುರೇಟರೋಸ್ಕೋಪ್ ಇದೆಯೇ? ಬಯಾಪ್ಸಿಯನ್ನು ನೋಡುವ ಪೆಥಾಲಜಿಸ್ಟಿಗೆ ಇಂಥ ಚೂರು ನೋಡಿದ ಅನುಭವ ಇದೆಯೇ?

ಬಿಪಿಎಲ್ ಕಾರ್ಡು ಇರುವ ಮನೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ನೂರಕ್ಕೆ 30, ವರ್ಷಕ್ಕೆ 1.5 ಲಕ್ಷದವರೆಗೆ. ದಾಖಲಾಗುವ ಮೊದಲಿನ ಸ್ಕ್ಯಾನ್ ಇದರಲ್ಲಿ ಬರುತ್ತದೆಯೇ, ರೆಫರಲ್ ಚೀಟಿ ಬೇಕೇ ಎಂದು ಆಸ್ಪತ್ರೆಯಲ್ಲಿ ಕೂತಿರುವ ಆರೋಗ್ಯಮಿತ್ರರನ್ನು ಹಣ ಕಟ್ಟುವ ಮೊದಲು ಕೇಳಿ. ಕಟ್ಟಿದ ಮೇಲೆ ಕೇಳಿದರೆ ಅವರೂ ಕೈ ಚೆಲ್ಲುತ್ತಾರೆ.

ಹೋದ ಕಡೆಯೆಲ್ಲ ರಿಪೋರ್ಟಿನ ಹಾಳೆ ಮಾತ್ರ ಸಾಲದು, ಸ್ಕ್ಯಾನಿನ ಸಿಡಿಯೂ ಇರಲಿ. ಎರಡನೇ ಡಾಕ್ಟರ್ ಚಿತ್ರವನ್ನು ತಾವೇ ನೋಡಬೇಕು. ಬಯಾಪ್ಸಿಯ ಬ್ಲಾಕನ್ನೂ, ಅಂದರೆ ಮೇಣದಲ್ಲಿ ಕಾಪಾಡಿಟ್ಟ ಆ ಚೂರನ್ನೂ, ಕೇಳಿ ಪಡೆಯಬಹುದು.

ಗಡ್ಡೆ ಖಚಿತವಾದ ಮೇಲೆ ಆಪರೇಷನ್ ಮೂರು ತಿಂಗಳಿಗಿಂತ ಮುಂದೆ ಹೋಗಬಾರದು. ಒಳಕ್ಕೆ ಇಳಿದ ಗಡ್ಡೆಗಳಲ್ಲಿ ಆ ತಡ ಬಾಧಿಸುತ್ತದೆ. ಆಲೆಮನೆ ಮುಗಿಯಲಿ, ಮಗಳ ಮದುವೆ ಮುಗಿಯಲಿ ಎಂದು ದಿನ ದೂಡುವ ಮೊದಲು ಇದನ್ನು ಲೆಕ್ಕಕ್ಕೆ ತಗೊಳ್ಳಿ. ಕಿಮೋ ಬೇಕೇ, ಬೇಕಾದರೆ ಆಪರೇಷನ್ನಿಗೆ ಮೊದಲೋ ಆಮೇಲೋ ಎಂಬುದನ್ನೂ ಅದೇ ಭೇಟಿಯಲ್ಲಿ ಕೇಳಿ. ಒಂದು ಕಿಡ್ನಿ ಹೋದ ಮೇಲೆ ಸಿಸ್‌ಪ್ಲಾಟಿನ್‌ನಂಥ ಕಿಮೋ ಔಷಧಿ ತಡೆಯುವಷ್ಟು ಶಕ್ತಿ ಉಳಿದ ಕಿಡ್ನಿಗೆ ಇಲ್ಲದೆ ಹೋಗಬಹುದು.

ಎಲ್ಲವೂ ನಾರ್ಮಲ್ ಬಂದರೆ

ಯುರೋಗ್ರಾಮ್ ಶುದ್ಧ, ಸಿಸ್ಟೊಸ್ಕೋಪಿ ಶುದ್ಧ, ಸೈಟಾಲಜಿಯೂ ಶುದ್ಧ ಎಂದರೆ ಸದ್ಯಕ್ಕೆ ನೆಮ್ಮದಿ. ಡಾಕ್ಟರ್ ಹೇಳಿದ ಸಮಯಕ್ಕೆ ಮೂತ್ರವನ್ನು ಮತ್ತೆ ಪರೀಕ್ಷೆ ಮಾಡಿಸಿ. ಮತ್ತೆ ಕೆಂಪಾದರೆ 'ಹೋದ ವರ್ಷ ಎಲ್ಲ ನೋಡಿದ್ದಾರೆ' ಎಂದು ಕೂರದೆ ಮೊದಲಿನಿಂದ ನೋಡಿಸಬೇಕು. ಸ್ಕ್ಯಾನೂ ಸಿಸ್ಟೊಸ್ಕೋಪಿಯೂ ಶುದ್ಧ, ಸೈಟಾಲಜಿ ಮಾತ್ರ ಪಾಸಿಟಿವ್ ಎಂದರೆ ಅದು ಬೇರೆಯೇ ಕಥೆ. ಆಗ ಸಿಟಿಗೆ ಕಾಣದ ಚಪ್ಪಟೆ ಬಗೆಯದ್ದು ಎಲ್ಲಾದರೂ ಅಡಗಿರಬಹುದು. ಮೂತ್ರಚೀಲದ ಗೋಡೆಯಿಂದ ಮತ್ತು ಗಂಡಸರಲ್ಲಿ ಪ್ರಾಸ್ಟೇಟ್ ಭಾಗದಿಂದ ಚೂರು ತೆಗೆದು, ಎಡ ಬಲ ಎರಡೂ ಯುರೇಟರಿನಿಂದ ಬೇರೆ ಬೇರೆಯಾಗಿ ಮೂತ್ರ ಹಿಡಿದು ಯಾವ ಕಡೆಯದ್ದು ಎಂದು ಹುಡುಕುತ್ತಾರೆ. ಆ ಎರಡು ಬಾಟಲಿಗಳ ಮೇಲೆ 'ಎಡ', 'ಬಲ' ಎಂಬ ಚೀಟಿ ಸರಿಯಾಗಿ ಬಿದ್ದಿರಬೇಕು. ರಿಪೋರ್ಟ್ ಕೈಗೆ ಬಂದಾಗ ಮೊದಲು ಅದನ್ನೇ ನೋಡಿ.